ಸರಿಪಡಿಸುವ ನ್ಯಾಯ: ಕಟ್ಟೆ ಪಂಚಾಯಿತಿಗೂ ಟಿ.ಸಿ.ಗೂ ನಡುವಿನ ದಾರಿ

ಪ್ರಶ್ನೆ: ನಾನು ಹೊಳಲ್ಕೆರೆ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕ. ಹದಿನೈದು ದಿನದ ಹಿಂದೆ ಎಂಟನೇ ತರಗತಿಯ 13 ವರ್ಷದ ಹುಡುಗನೊಬ್ಬ ಸಹಪಾಠಿಯ ಸೈಕಲ್ಲಿನ ಮೇಲೆ ಕಲ್ಲು ಎತ್ತಿಹಾಕಿದ. ತಡೆಯಲು ಹೋದ ಆ ಸಹಪಾಠಿಯನ್ನು ತಳ್ಳಿದ. ಅವನ ಹುಬ್ಬಿನ ಮೇಲೆ ಮೂರು ಹೊಲಿಗೆ ಬಿದ್ದಿವೆ. ಪೆಟ್ಟು ತಿಂದವನ ತಂದೆ ಠಾಣೆಗೆ ದೂರು ಕೊಟ್ಟಿದ್ದಾರೆ. ಮುಖ್ಯ ಶಿಕ್ಷಕರು ಟಿ.ಸಿ. ಕೊಟ್ಟು ಕಳಿಸೋಣ ಎನ್ನುತ್ತಾರೆ, ಊರಿನ ಹಿರಿಯರು ಕಟ್ಟೆ ಮೇಲೆ ಕರೆಸಿ ಕಾಲಿಗೆ ಬೀಳಿಸಿ ಮುಗಿಸೋಣ ಎನ್ನುತ್ತಾರೆ. ನಾವು ಇಬ್ಬರು ಶಿಕ್ಷಕರು, ಒಬ್ಬ ವಕೀಲರು, ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ಇಬ್ಬರು ತಾಯಂದಿರು ಸೇರಿ ರೆಸ್ಟೊರೇಟಿವ್ ಜಸ್ಟೀಸ್ (ಆದ ನಷ್ಟವನ್ನು ಸರಿಪಡಿಸುವ ನ್ಯಾಯ) ಮಾದರಿಯಲ್ಲಿ ಏನಾದರೂ ಮಾಡಬೇಕೆಂದಿದ್ದೇವೆ. ಎಲ್ಲಿಂದ ಶುರು ಮಾಡುವುದು? ಶಾಲೆಯಲ್ಲಿ ಮಾಡಿದ್ದನ್ನು ಕೋರ್ಟು ಒಪ್ಪುತ್ತದೆಯೆ? ಮುಂದೆ ಜಿಲ್ಲೆಯಲ್ಲಿ ಒಂದು ತಂಡವಾಗಿ ಈ ಕೆಲಸ ಮಾಡಬಹುದೆ?

ಉತ್ತರ: ಮೇಷ್ಟ್ರೇ, ಮೊದಲು ಅವಸರದ ಮಾತು. ಟಿ.ಸಿ.ಗೆ ಸಹಿ ಬೀಳದಂತೆ ಇವತ್ತೇ ನೋಡಿಕೊಳ್ಳಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ತಂದೆಯನ್ನು ಕರೆಸಿ, ಗದರಿಸಿ, ‘ಸ್ವಂತ ಇಚ್ಛೆಯಿಂದ ಬಿಡಿಸಿಕೊಂಡು ಹೋಗುತ್ತಿದ್ದೇನೆ’ ಎಂದು ಬರೆಸಿಕೊಂಡರೂ ಅದು ಹೊರಹಾಕಿದ ಹಾಗೆಯೇ. ಒಂಬತ್ತು, ಹತ್ತರ ಮಕ್ಕಳಿಗೆ ಈ ಸೆಕ್ಷನ್ ನೇರವಾಗಿ ಅನ್ವಯಿಸದು, ಅಲ್ಲಿ ವಾದ ಬೇರೆ. ನಿಮ್ಮ ಹುಡುಗ ಎಂಟನೆಯವನು, ಇಲ್ಲಿ ವಾದಕ್ಕೇ ಜಾಗವಿಲ್ಲ. ಅದೇ ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಊರೆದುರು ಕಾಲಿಗೆ ಬೀಳಿಸುವುದಕ್ಕೆ ಶಾಲೆ ಕೈಜೋಡಿಸಿದರೆ ಅದೂ ಮಾನಸಿಕ ಕಿರುಕುಳವೇ. ಈ ಎರಡು ಸೆಕ್ಷನ್ನುಗಳನ್ನು ಒಂದು ಹಾಳೆಯಲ್ಲಿ ಬರೆದು ಮುಖ್ಯ ಶಿಕ್ಷಕರ ಮೇಜಿನ ಮೇಲಿಡಿ. ಜಗಳ ಮಾಡಬೇಡಿ, ಮುಂದಿನ ಕೆಲಸಕ್ಕೆ ಅವರೇ ಬೇಕು.

ಇನ್ನು ಠಾಣೆ. 2016ರ ಬಾಲನ್ಯಾಯ ಮಾದರಿ ನಿಯಮಗಳ 8ನೇ ನಿಯಮದ ಪ್ರಕಾರ, ಕೃತ್ಯ ಘೋರ ಸ್ವರೂಪದ್ದಾಗಿರದಿದ್ದರೆ, ದೊಡ್ಡವರ ಜೊತೆ ಸೇರಿ ಮಾಡಿದ್ದೂ ಆಗಿರದಿದ್ದರೆ, ಮಗುವಿನ ಮೇಲೆ ಎಫ್‌ಐಆರ್ ಹಾಕುವುದಿಲ್ಲ. ಠಾಣೆಯ ದಿನಚರಿಯಲ್ಲಿ ಬರೆದುಕೊಂಡು, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿಯೊಂದಿಗೆ, ಮಕ್ಕಳ ಪ್ರಕರಣಗಳನ್ನು ನೋಡುವ ಬಾಲ ನ್ಯಾಯ ಮಂಡಳಿಗೆ ಕಳಿಸುತ್ತಾರೆ. ಹುಡುಗನನ್ನು ಲಾಕಪ್ಪಿನಲ್ಲಿ ಕೂರಿಸುವಂತಿಲ್ಲ. ಪ್ರತಿ ಠಾಣೆಯಲ್ಲೂ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು, ಎಎಸ್‌ಐಗಿಂತ ಕೆಳಗಿನ ದರ್ಜೆಯವರಲ್ಲ. ನಿಮ್ಮ ವಕೀಲರು ಮಾತಾಡಬೇಕಾದದ್ದು ಆ ಅಧಿಕಾರಿಯ ಜೊತೆ. ತಳ್ಳಿ ಗಾಯ ಮಾಡಿದ್ದು ಭಾರತೀಯ ನ್ಯಾಯ ಸಂಹಿತೆಯ 115(2), ಸೈಕಲ್ ಜಜ್ಜಿದ್ದು 324ರ ಕೆಳಗೆ ಬರುವ ನಷ್ಟ. ಇಂಥ ಸೈಕಲ್ಲಿನ ನಷ್ಟಕ್ಕೆ ಎರಡರಲ್ಲೂ ಗರಿಷ್ಠ ಶಿಕ್ಷೆ ಮೂರು ವರ್ಷದೊಳಗೇ ಇರುವುದರಿಂದ 2015ರ ಬಾಲನ್ಯಾಯ ಕಾಯ್ದೆ ಇದನ್ನು ‘ಸಣ್ಣ ಅಪರಾಧ’ ಎಂದೇ ಕರೆಯುತ್ತದೆ. ನೀವು ಅಂದುಕೊಂಡಿರುವ ಕೆಲಸಕ್ಕೆ ಕಾನೂನಿನಲ್ಲಿ ಬೇಕಾದಷ್ಟು ಜಾಗ ಇರುವುದೇ ಈ ಬಗೆಯ ಪ್ರಕರಣಗಳಲ್ಲಿ.

ಹೆಸರಿನ ಬಗ್ಗೆ ಒಂದು ಮಾತು. ರೆಸ್ಟೊರೇಟಿವ್ ಜಸ್ಟೀಸನ್ನು ಪುಸ್ತಕದ ಕನ್ನಡದಲ್ಲಿ ಪುನಃಸ್ಥಾಪನಾ ನ್ಯಾಯ ಎನ್ನುತ್ತಾರೆ. ಪೋಷಕರ ಮುಂದೆ ಆ ಪದ ಬಳಸಬೇಡಿ, ‘ಸರಿಪಡಿಸುವ ನ್ಯಾಯ’ ಎಂದರೆ ಸಾಕು. ತಪ್ಪು ಮಾಡಿದವನಿಗೆ ಏನು ಶಿಕ್ಷೆ ಎಂಬಲ್ಲಿಂದ ಶುರುವಾಗದೆ, ಯಾರಿಗೆ ಏನು ನಷ್ಟವಾಯಿತು, ಅದನ್ನು ತುಂಬಿಕೊಡುವ ಹೊಣೆ ಯಾರದು ಎಂಬಲ್ಲಿಂದ ಶುರುವಾಗುವ ನ್ಯಾಯ. 1974ರಲ್ಲಿ ಕೆನಡಾದ ಎಲ್ಮೈರಾ ಎಂಬ ಪಟ್ಟಣದಲ್ಲಿ ಕುಡಿದ ಅಮಲಿನಲ್ಲಿ 22 ಕಡೆ ಆಸ್ತಿ ಹಾಳುಮಾಡಿದ ಇಬ್ಬರು ಹುಡುಗರನ್ನು ಮಾರ್ಕ್ ಯಾಂಟ್ಜಿ ಎಂಬ ಪ್ರೊಬೇಷನ್ ಅಧಿಕಾರಿ ಮನೆಮನೆಗೆ ಕರೆದುಕೊಂಡು ಹೋಗಿ ನಷ್ಟ ಕೇಳಿಸಿ, ತುಂಬಿಕೊಡುವಂತೆ ಮಾಡಿದರು; ಅದಕ್ಕೆ ನ್ಯಾಯಾಧೀಶರ ಒಪ್ಪಿಗೆಯಿತ್ತು. ನ್ಯೂಜಿಲೆಂಡ್ 1989ರಲ್ಲಿ ಮಾವೋರಿ ಜನರ ಕುಟುಂಬಸಭೆಯ ರೂಢಿಯಿಂದ ಕಲಿತು ಮಕ್ಕಳ ಪ್ರಕರಣಗಳಿಗೆ ಅದನ್ನು ಕಾನೂನೇ ಮಾಡಿತು. ಶಾಲೆಗಳಿಗೆ ಇದು ಬಂದದ್ದು 1994ರಲ್ಲಿ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ. ನಮ್ಮಲ್ಲಿ ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ ಮಕ್ಕಳೊಂದಿಗೆ ಈ ವಿಧಾನದಲ್ಲಿ ಕೆಲಸ ಮಾಡುತ್ತಿದೆ.

ನಿಮ್ಮ ಊರಿನ ಹಿರಿಯರು ಕೇಳಿಯೇ ಕೇಳುತ್ತಾರೆ: ‘ಇದರಲ್ಲಿ ಹೊಸದೇನಪ್ಪ? ಕಟ್ಟೆ ಮೇಲೆ ನಾವು ಮಾಡೋದೂ ಅದನ್ನೇ ಅಲ್ವಾ?’ ಉತ್ತರವನ್ನು ಸಿದ್ಧವಾಗಿಟ್ಟುಕೊಂಡಿರಿ. ನಮ್ಮ ಸೀಮೆಯ ಜನ ಕೋರ್ಟಿನ ಹೊರಗೆ ನ್ಯಾಯ ಕೇಳಿ ಬಲ್ಲವರು. ಸಿರಿಗೆರೆಯ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠದ ಮುಂದೆ ಜಮೀನು, ಸಂಸಾರದ ವ್ಯಾಜ್ಯಗಳನ್ನು ಹಿಡಿದು ಜನ ಬರುವುದು ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳಿಗೆ ಗೊತ್ತಿರುವ ಸಂಗತಿ. ಆದರೆ ಪೀಠವಾಗಲಿ, ಕಟ್ಟೆಯಾಗಲಿ, ಅಲ್ಲಿ ಎರಡೂ ಕಡೆ ಕೇಳಿ ತೀರ್ಪು ಹೇಳುವವರು ಒಬ್ಬರಿರುತ್ತಾರೆ. ಇಲ್ಲಿ ನಡೆಸಿಕೊಡುವವರು ತೀರ್ಪು ಹೇಳುವುದಿಲ್ಲ, ದಂಡ ಹಾಕುವುದಿಲ್ಲ, ಬುದ್ಧಿವಾದವನ್ನೂ ಹೇಳುವುದಿಲ್ಲ. ಏನಾಗಬೇಕೆಂದು ಹೇಳುವ ಮೊದಲ ಹಕ್ಕು ಪೆಟ್ಟು ತಿಂದವನದು. ಎರಡನೇ ವ್ಯತ್ಯಾಸ, ಕಟ್ಟೆಯ ನ್ಯಾಯ ಒಂದು ಸಂಜೆಯಲ್ಲಿ ಮುಗಿಯುತ್ತದೆ. ಇದರಲ್ಲಿ ಎಲ್ಲರೂ ದುಂಡಗೆ ಸೇರಿ ಮಾತಿಗೆ ಕೂರುವ, ಅಂದರೆ ‘ಸುತ್ತು’ ಕೂರುವ ಹೊತ್ತಿಗೆ ಮುಕ್ಕಾಲು ಕೆಲಸ ಮುಗಿದಿರುತ್ತದೆ. ಈ ಪೂರ್ವತಯಾರಿಯನ್ನು ಬಿಟ್ಟು ನೇರವಾಗಿ ಸುತ್ತು ಕೂರಿಸಿದರೆ ಗಾಯ ಎರಡನೇ ಸಲ ಬಿಚ್ಚಿಕೊಳ್ಳಬಹುದು.

ಹಾಗಾಗಿ ತಯಾರಿಯ ಬಗ್ಗೆ ವಿವರವಾಗಿ ಹೇಳುತ್ತೇವೆ.

ನಡೆಸಿಕೊಡುವವರು ಇಬ್ಬರಿರಲಿ, ಅವರಲ್ಲಿ ಒಬ್ಬರು ಮಹಿಳೆ. ಮುಖ್ಯ ಶಿಕ್ಷಕರು ಬೇಡ, ಆ ತರಗತಿಯ ಶಿಕ್ಷಕರೂ ಬೇಡ. ನಾಳೆ ಹಾಜರಿ ಹಾಕುವವರ, ಅಂಕ ಕೊಡುವವರ ಮುಂದೆ ಮಗು ನಿಜ ಹೇಳುವುದಿಲ್ಲ. ನಿಮ್ಮ ವಕೀಲರು ಯಾರದಾದರೂ ಪರ ವಕಾಲತ್ತು ಹಾಕಿದ್ದರೆ ಅವರೂ ಈ ಕೆಲಸಕ್ಕೆ ಆಗುವುದಿಲ್ಲ. ಮೊದಲ ಭೇಟಿ ಪೆಟ್ಟು ತಿಂದ ಹುಡುಗನ ಮನೆಗೆ. ಸಾಮಾನ್ಯವಾಗಿ ಜನ ತಪ್ಪು ಮಾಡಿದವನಿಂದ ಶುರು ಮಾಡುತ್ತಾರೆ, ಅವನನ್ನು ಒಪ್ಪಿಸಿ ಆಮೇಲೆ ಇವನ ಬಳಿ ಬಂದು ‘ಅವನು ಒಪ್ಪಿದ್ದಾನೆ, ನೀನೂ ಬಾ’ ಎನ್ನುತ್ತಾರೆ. ಅಲ್ಲಿಗೆ ಇವನು ಬೇಡ ಎನ್ನುವ ಸ್ವಾತಂತ್ರ್ಯ ಕಳೆದುಕೊಂಡ. ಪ್ರತಿ ಮಗುವಿನ ಜೊತೆ ಕನಿಷ್ಠ ಎರಡು ಭೇಟಿ, ಒಂದೊಂದಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ತಂದೆತಾಯಿಯ ಜೊತೆ ಬೇರೆಯಾಗಿ ಒಂದು. ಇಷ್ಟಕ್ಕೆ ಒಂದರಿಂದ ಮೂರು ವಾರ ಬೇಕು. ಹೊಲಿಗೆ ಬಿಚ್ಚಿ, ಸಿಟ್ಟು ಇಳಿದಿರಬೇಕು. ಆದರೆ ತಿಂಗಳುಗಟ್ಟಲೆ ಎಳೆದರೆ ಎರಡೂ ಮನೆಯಲ್ಲಿ ಅವರವರ ಕಥೆ ಗಟ್ಟಿಯಾಗಿಬಿಡುತ್ತದೆ.

ಕೇಳುವ ಪ್ರಶ್ನೆಗಳು ಐದೇ. ಏನಾಯಿತು? ಆ ಹೊತ್ತಿನಲ್ಲಿ ತಲೆಯಲ್ಲಿ ಏನು ಓಡುತ್ತಿತ್ತು? ಆಮೇಲಿಂದ ಏನನ್ನಿಸುತ್ತಿದೆ? ಯಾರ್‍ಯಾರಿಗೆ ತೊಂದರೆಯಾಯಿತು, ಹೇಗೆ? ಸರಿಹೋಗಬೇಕಾದರೆ ಏನಾಗಬೇಕು? ‘ಯಾಕೆ ಮಾಡಿದೆ?’ ಎಂಬುದನ್ನು ಮಾತ್ರ ಕೇಳಬೇಡಿ. ‘ಯಾಕೋ ಮಾಡ್ದೆ?’ ಎಂದ ಕೂಡಲೇ ನಮ್ಮ ಮಕ್ಕಳು ತಲೆ ತಗ್ಗಿಸಿ ಸುಮ್ಮನಾಗುತ್ತಾರೆ, ಇಲ್ಲವೇ ಇನ್ನೊಬ್ಬನ ಮೇಲೆ ಹಾಕುತ್ತಾರೆ. ‘ಏನಾಯ್ತಪ್ಪ?’ ಎಂದರೆ ಕಥೆ ಹೇಳುತ್ತಾರೆ, ಆ ಕಥೆಯೊಳಗೇ ಯಾಕೆ ಎಂಬುದು ಇರುತ್ತದೆ.

ಕಲ್ಲು ಎತ್ತಿಹಾಕುವಷ್ಟು ಸಿಟ್ಟು ಒಂದೇ ದಿನದಲ್ಲಿ ಬಂದಿರುವುದಿಲ್ಲ. ಅಡ್ಡಹೆಸರು, ಅಪ್ಪನ ಕುಡಿತದ ಅಣಕ, ಊಟದ ಸಾಲಿನಲ್ಲಿ ದೂರ ಸರಿಯುವುದು, ಇಂಥದ್ದೇನಾದರೂ ಈ ಭೇಟಿಗಳಲ್ಲಿ ಹೊರಬಿದ್ದೀತು. ಹೊರಬಿದ್ದರೆ ಅದಕ್ಕೂ ಸುತ್ತಿನಲ್ಲಿ ಜಾಗ ಕೊಡಿ, ಆದರೆ ಹೊಲಿಗೆ ಬಿದ್ದವನ ಗಾಯವನ್ನು ಅದು ಮುಚ್ಚಿಹಾಕಬಾರದು. ಒಂದು ಎಚ್ಚರಿಕೆ: ಜಾತಿ ಹಿಡಿದು ನಿಂದಿಸಿದ್ದು ಗೊತ್ತಾದರೆ ಅಲ್ಲಿಗೇ ನಿಲ್ಲಿಸಿ. ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ 1989ರ ಕೆಳಗೆ ಬರಬಹುದಾದ ಸಂಗತಿಯನ್ನು ಶಾಲೆಯ ಕೋಣೆಯಲ್ಲಿ ಬಗೆಹರಿಸುವ ಅಧಿಕಾರ ನಿಮಗಿಲ್ಲ. ನೊಂದ ಮನೆಯವರಿಗೆ ಅವರ ಹಕ್ಕು ಏನೆಂದು ತಿಳಿಸುವುದು ನಿಮ್ಮ ಮೊದಲ ಕರ್ತವ್ಯ.

ಎರಡನೇ ಭೇಟಿಯ ಕೊನೆಗೆ ನಿಮಗೆ ಮೂರು ವಿಷಯ ಖಚಿತವಾಗಿರಬೇಕು. ತಪ್ಪು ಮಾಡಿದವನು ಮಾಡಿದ್ದನ್ನು ತಾನೇ ಒಪ್ಪುತ್ತಾನೆಯೆ? ಪೆಟ್ಟು ತಿಂದವನು ಹೆದರಿಕೆ, ಒತ್ತಡ ಇಲ್ಲದೆ ಬರುತ್ತಾನೆಯೆ? ಎದುರುಬದುರು ಕೂತಾಗ ದೊಡ್ಡವರು ಕೈಮಾಡದೆ ಇರುತ್ತಾರೆಯೆ? ಒಂದಕ್ಕೆ ಇಲ್ಲ ಎಂಬ ಉತ್ತರ ಬಂದರೂ ಸುತ್ತು ಕೂರಿಸಬೇಡಿ. ಪೆಟ್ಟು ತಿಂದವನು ಎದುರು ಬರಲು ಒಲ್ಲೆ ಎಂದರೆ ಅವನ ಮಾತನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಓದಿ ಹೇಳಬಹುದು, ಅವನ ಪರವಾಗಿ ಅಕ್ಕನೋ ಮಾವನೋ ಬರಬಹುದು. ಅದೂ ಕೆಲಸ ಮಾಡುತ್ತದೆ.

ಸುತ್ತಿನ ದಿನ ಎಂಟರಿಂದ ಹನ್ನೆರಡು ಜನ ಸಾಕು: ಇಬ್ಬರು ಮಕ್ಕಳು, ಅವರ ಮನೆಯವರು, ಪ್ರತಿ ಮಗುವೂ ತಾನೇ ಆರಿಸಿಕೊಂಡ ಒಬ್ಬ ಬೆಂಬಲಿಗ (ಅಜ್ಜಿ, ಗೆಳೆಯ, ಪಿ.ಟಿ. ಮೇಷ್ಟ್ರು, ಯಾರಾದರೂ), ಶಾಲೆಯ ಪರವಾಗಿ ಒಬ್ಬರು, ನಡೆಸುವವರು ಇಬ್ಬರು. ಗ್ರಾಮ ಪಂಚಾಯಿತಿ ಸದಸ್ಯರು ‘ನಾನೂ ಬರ್ತೀನಿ’ ಎಂದರೆ ವಿನಯದಿಂದ ಬೇಡ ಎನ್ನಿ. ಅವರು ಕೂತ ಕೂಡಲೇ ಅದು ಪಂಚಾಯಿತಿಯಾಗುತ್ತದೆ.

ಕೂರಿಸುವ ರೀತಿಯಲ್ಲೇ ಅರ್ಧ ನ್ಯಾಯವಿದೆ. ಮುಖ್ಯ ಶಿಕ್ಷಕರ ಕೊಠಡಿ ಬೇಡ, ನಡುವೆ ಮೇಜು ಬೇಡ. ಕುರ್ಚಿ ಹಾಕಿದರೆ ಏನಾಗುತ್ತದೆಂದು ನಿಮಗೇ ಗೊತ್ತು: ಒಬ್ಬ ತಂದೆ ಕಾಲು ಚಾಚಿ ಕೂರುತ್ತಾರೆ, ಇನ್ನೊಬ್ಬರು ‘ಇರ್ಲಿ ಬಿಡ್ರಿ’ ಎಂದು ಗೋಡೆಗೆ ಒರಗಿ ನಿಲ್ಲುತ್ತಾರೆ, ತಾಯಂದಿರು ಬಾಗಿಲ ಬಳಿ ಸೆರಗು ಹಿಡಿದು ನಿಂತೇ ಇರುತ್ತಾರೆ. ನಿಂತವರಿಗೆ ಅಲ್ಲಿ ಮಾತಿರುವುದಿಲ್ಲ. ಅದಕ್ಕೇ ತರಗತಿಯ ಬೆಂಚುಗಳನ್ನು ಸರಿಸಿ ಜಮಖಾನ ಹಾಸಿ, ಮುಖ್ಯ ಶಿಕ್ಷಕರಿಂದ ಹಿಡಿದು ಎಲ್ಲರೂ ನೆಲದ ಮೇಲೆ ದುಂಡಗೆ ಕೂರಲಿ. ಮಂಡಿನೋವಿನವರಿದ್ದರೆ ಮಾತ್ರ ಎಲ್ಲರಿಗೂ ಕುರ್ಚಿ, ಒಂದೇ ಎತ್ತರದ್ದು. ನೀರು ಒಂದೇ ಬಗೆಯ ಲೋಟದಲ್ಲಿ, ಒಂದೇ ತಟ್ಟೆಯಲ್ಲಿ ಬರಲಿ. ನಮ್ಮ ಕಡೆಯ ಎಷ್ಟೋ ಊರುಗಳಲ್ಲಿ ಲೋಟ ಯಾವುದು ಎಂಬುದು ಮಾತಿಗಿಂತ ಮೊದಲೇ ತೀರ್ಪು ಹೇಳಿಬಿಡುತ್ತದೆ.

ಮಾತಾಡುವ ಸರದಿಗೆ ಕೈಯಿಂದ ಕೈಗೆ ದಾಟುವ ಒಂದು ವಸ್ತು ಇರಲಿ. ಅದನ್ನು ಹಿಡಿದವರು ಮಾತ್ರ ಮಾತಾಡಬೇಕು, ಉಳಿದವರು ಕೇಳಬೇಕು. ಮಾತು ಬೇಡವೆನಿಸಿದರೆ ಮುಂದಕ್ಕೆ ಕೊಡಬಹುದು. ದೇವರ ಕಾಯಿ, ಪ್ರಸಾದ, ಪಟ ಇಂಥವು ಬೇಡ. ಆಣೆ ಮಾಡಿಸಿದಂತಾಗುತ್ತದೆ, ಬೇರೆ ಮತದವರಿಗೆ ಇಕ್ಕಟ್ಟು. ನದಿಯ ನುಣುಪು ಕಲ್ಲು, ಮರದ ಬುಗುರಿ, ಸುಣ್ಣದ ಕಡ್ಡಿಯ ಡಬ್ಬಿ, ಮಕ್ಕಳೇ ಆರಿಸಲಿ. (ನಿಮ್ಮ ಪ್ರಕರಣದಲ್ಲಿ ಕಲ್ಲು ಮಾತ್ರ ಬೇಡ.) ಯಾರು ಮೊದಲು ಮಾತಾಡಬೇಕೆಂಬುದರಲ್ಲಿ ಎರಡು ಪದ್ಧತಿಯಿದೆ. ಆಸ್ಟ್ರೇಲಿಯಾದ ಮಾದರಿಯಲ್ಲಿ ತಪ್ಪು ಮಾಡಿದವನು ಮೊದಲು. ಪೆಟ್ಟು ತಿಂದವನನ್ನೇ ಕೇಳಿ ತೀರ್ಮಾನಿಸುವುದು ಮೇಲು ಎಂಬುದು ನಮ್ಮ ಅಭಿಪ್ರಾಯ. ಕೆಲವರಿಗೆ ಮೊದಲು ಹೇಳಿ ಹಗುರಾಗಬೇಕು, ಕೆಲವರಿಗೆ ಅವನು ಒಪ್ಪುವುದನ್ನು ಕೇಳದೆ ಬಾಯಿ ಬರುವುದಿಲ್ಲ. ಒಂದೂವರೆಯಿಂದ ಎರಡು ಗಂಟೆ ಇಟ್ಟುಕೊಳ್ಳಿ. ಮೊಬೈಲುಗಳೆಲ್ಲ ಹೊರಗೆ ಚೀಲದಲ್ಲಿ.

ಕ್ಷಮೆಯ ಬಗ್ಗೆ ಗಟ್ಟಿಯಾಗಿ ನಿಲ್ಲಿ. ‘ಸಾರಿ ಕೇಳಲೇ’, ‘ಕಾಲಿಗೆ ಬೀಳಲೇ’ ಎಂದು ಹುಡುಗನ ತಂದೆಯೇ ಅವನ ಕತ್ತು ಬಗ್ಗಿಸಲು ಬರುತ್ತಾರೆ, ಅದು ಅವರ ಮಾನದ ಪ್ರಶ್ನೆ. ಹಾಗೆ ಮಾಡುವುದಿಲ್ಲವೆಂದು ತಯಾರಿಯ ಭೇಟಿಯಲ್ಲೇ ಅವರಿಂದ ಮಾತು ತೆಗೆದುಕೊಳ್ಳಿ. ಬಗ್ಗಿಸಿದ ಕತ್ತು ಶಾಲೆಯ ಗೇಟು ದಾಟಿದ ಮೇಲೆ ಮತ್ತೆ ಎದ್ದೇಳುತ್ತದೆ, ಈ ಸಲ ಹಗೆ ಹೊತ್ತುಕೊಂಡು. ಅಲ್ಲದೆ ಎದುರಿನವನಿಗೆ ‘ಕ್ಷಮಿಸಿದೆ’ ಎನ್ನಲೇಬೇಕಾದ ಕಟ್ಟುಪಾಡು ಬೀಳುತ್ತದೆ. ಕ್ಷಮೆ ತಾನಾಗಿ ಬಂದರೆ ಬರಲಿ, ಬಾರದೆಯೂ ಒಪ್ಪಂದವಾಗಬಹುದು.

ಒಪ್ಪಂದದಲ್ಲಿ ನಾಲ್ಕೈದು ಅಂಶಕ್ಕಿಂತ ಹೆಚ್ಚು ಬೇಡ. ‘ಇನ್ನು ಮುಂದೆ ಒಳ್ಳೆಯವನಾಗಿರುತ್ತೇನೆ’ ಎಂಬುದು ಒಪ್ಪಂದವಲ್ಲ; ಅದನ್ನು ಅಳೆಯುವುದು ಹೇಗೆ? ಹೀಗೆ ಬರೆಯಿರಿ: ಮುಂದಿನ ಚಕ್ರದ ರಿಮ್ಮು, ಕಡ್ಡಿ ಹೊಸದು, ಬಾಗಿದ ಹ್ಯಾಂಡಲ್ ನೆಟ್ಟಗೆ, ಸೈಕಲ್ ಶಾಪಿನ ಚೀಟಿಯ ಮೊತ್ತದಲ್ಲಿ ಅರ್ಧ ಬರುವ ಸಂತೆಯ ದಿನ, ಉಳಿದರ್ಧ ಮೆಕ್ಕೆಜೋಳ ಮಾರಿದ ಮೇಲೆ ಇಂಥ ತಾರೀಖಿನೊಳಗೆ. ರಿಪೇರಿಯಾಗುವವರೆಗೆ ಅವನು ಶಾಲೆಗೆ ಬರುವುದು ಹೇಗೆ, ಯಾರು ಕರೆತರುತ್ತಾರೆ. ಆ ಅಡ್ಡಹೆಸರನ್ನು ತರಗತಿಯಲ್ಲಿ ಯಾರೂ ಬಳಸದಂತೆ ನೋಡಿಕೊಳ್ಳುವ ಶಿಕ್ಷಕರು ಯಾರು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂರಬೇಕೆ ಬೇಡವೆ, ಅದನ್ನು ಇಬ್ಬರೂ ಹೇಳಿದಂತೆ. ಮಾತು ತಪ್ಪಿದರೆ ಮೊದಲು ಯಾರಿಗೆ ತಿಳಿಸಬೇಕು. ಹಣದ ವಿಷಯದಲ್ಲಿ ಒಂದು ಮುಖ್ಯ ಮಾತು. ‘ಅವನೇ ದುಡಿದು ಕಟ್ಟಲಿ’ ಎಂದು ಹುಡುಗನನ್ನು ರಜೆಯಲ್ಲಿ ಮಂಡಕ್ಕಿ ಭಟ್ಟಿಗೋ ಇಟ್ಟಿಗೆ ಗೂಡಿಗೋ ಕಳಿಸುವ ಮಾತು ಬಂದರೆ ಖಡಾಖಂಡಿತವಾಗಿ ಬೇಡ ಎನ್ನಿ. 14 ತುಂಬದ ಮಗುವನ್ನು ಇಂಥ ದುಡಿಮೆಗೆ ಹಚ್ಚುವುದು ಅಪರಾಧ. ನಷ್ಟ ತುಂಬುವುದು ಮನೆಯವರ ಹೊಣೆ. ಹುಡುಗನ ಪಾಲು ಶ್ರಮದ್ದಾಗಬೇಕಿದ್ದರೆ, ಶಾಪಿನಲ್ಲಿ ರಿಪೇರಿ ಮುಗಿಯುವವರೆಗೆ ಜೊತೆಗೆ ಕೂತು ಕಡ್ಡಿ ಬಿಗಿಯುವುದನ್ನು ನೋಡಿ, ಸೈಕಲ್ಲನ್ನು ತಾನೇ ತಳ್ಳಿಕೊಂಡು ಹೋಗಿ ಅವನ ಮನೆಗೆ ಮುಟ್ಟಿಸಲಿ.

ಈಗ ಕೋರ್ಟಿನ ಪ್ರಶ್ನೆ. ಬಾಲ ನ್ಯಾಯ ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ, ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. 2015ರ ಕಾಯ್ದೆಯ 3ನೇ ಸೆಕ್ಷನ್ನಿನ ತತ್ವಗಳಲ್ಲೇ, ಮಗುವಿನ ಅಥವಾ ಸಮಾಜದ ಹಿತಕ್ಕೆ ಬೇಕೇಬೇಕಾದ ಹೊರತು ನ್ಯಾಯಾಂಗ ವಿಚಾರಣೆಗೆ ಹೋಗದ ದಾರಿಗಳನ್ನು ಉತ್ತೇಜಿಸಬೇಕು ಎಂದಿದೆ. 18ನೇ ಸೆಕ್ಷನ್ ಮಂಡಳಿಗೆ ಕೊಟ್ಟಿರುವ ಆಯ್ಕೆಗಳನ್ನು ನೋಡಿ: ಬುದ್ಧಿ ಹೇಳಿ ಮನೆಗೆ ಕಳಿಸುವುದು, ಗುಂಪು ಆಪ್ತಸಮಾಲೋಚನೆ, ಸಮುದಾಯ ಸೇವೆ, ದಂಡ, ಸನ್ನಡತೆಯ ಮೇಲೆ ಬಿಡುಗಡೆ, ಕೊನೆಗೆ ವಿಶೇಷ ಗೃಹ. ಸರಿಪಡಿಸುವ ಕೆಲಸಕ್ಕೆ ಮೊದಲ ಎರಡರಲ್ಲೇ ಸಾಕಷ್ಟು ಜಾಗವಿದೆ. ಸಮುದಾಯ ಸೇವೆ ಮಾತ್ರ ಮಾದರಿ ನಿಯಮಗಳ ಪ್ರಕಾರ 14 ದಾಟಿದವರಿಗೆ. ನಿಮ್ಮ 13ರ ಹುಡುಗನಿಗೆ ಅದನ್ನು ಕೇಳಬೇಡಿ.

ನಿಮ್ಮ ಕೆಲಸ ಮಂಡಳಿಯ ಒಳಗೆ ಹೋಗುವ ಬಾಗಿಲು ಸಾಮಾಜಿಕ ತನಿಖಾ ವರದಿ. ಮಗು ಮೊದಲ ಸಲ ಹಾಜರಾದ ದಿನದಿಂದ 15 ದಿನದೊಳಗೆ ಪರಿವೀಕ್ಷಣಾಧಿಕಾರಿ, ಅಂದರೆ ಪ್ರೊಬೇಷನ್ ಆಫೀಸರ್, ಅದನ್ನು ಕೊಡಬೇಕು. ಅವರಿಗೆ ಮನೆ, ಶಾಲೆ ಸುತ್ತಲು ಪುರುಸೊತ್ತು ಕಡಿಮೆ. ಶಾಲೆಯಿಂದ ಒಂದು ಪುಟದ ಪತ್ರ ಹೋದರೆ ಅವರಿಗೂ ಅನುಕೂಲ: ಹುಡುಗನ ಹಾಜರಾತಿ, ಕಲಿಕೆ, ಎರಡೂ ಮನೆಯವರು ಇಂಥ ದಿನ ಸ್ವಇಚ್ಛೆಯಿಂದ ಸೇರಿ ಮಾಡಿಕೊಂಡ ಒಪ್ಪಂದದ ಅಂಶಗಳು, ಅದರಲ್ಲಿ ಇಂದಿಗೆ ಎಷ್ಟು ನೆರವೇರಿದೆ. ‘ಕಲ್ಲು ಹಾಕಿದ್ದು ನಾನೇ’ ಎಂಬ ತಪ್ಪೊಪ್ಪಿಗೆ ಪತ್ರವನ್ನು ಮಾತ್ರ ಬರೆಸಬೇಡಿ. ಸುತ್ತಿನಲ್ಲಿ ಆಡಿದ ಮಾತನ್ನು ಬರಹಕ್ಕೆ ಇಳಿಸಿದರೆ ಅದು ನಾಳೆ ಮಗುವಿನ ವಿರುದ್ಧವೇ ಕಾಗದವಾಗಿ ನಿಲ್ಲಬಹುದು, ಆ ಭಯವಿದ್ದರೆ ಯಾರೂ ನಿಜ ಹೇಳುವುದಿಲ್ಲ. ಒಪ್ಪಂದ ಬರಹದಲ್ಲಿರಲಿ, ಮಾತುಕತೆ ಬೇಡ.

ದೂರು ಹಿಂದಕ್ಕೆ ಪಡೆಯುವಂತೆ ಪೆಟ್ಟು ತಿಂದವನ ತಂದೆಯನ್ನು ನೀವು ಕೇಳಲೇಬಾರದು. ಕೇಳಿದ ಗಳಿಗೆಯಲ್ಲೇ ನೀವು ಒಂದು ಪಕ್ಷದವರಾದಿರಿ. ಅವರೇ ರಾಜಿ ಬಯಸಿದರೆ, ಗಾಯಗೊಂಡವನು ಮೈನರ್ ಆದ್ದರಿಂದ ಅವನ ಪರವಾಗಿ ದೊಡ್ಡವರು ರಾಜಿಗೆ ಹೋಗಲು ನ್ಯಾಯಾಲಯದ ಅನುಮತಿ ಬೇಕು (ನಾಗರಿಕ ಸುರಕ್ಷಾ ಸಂಹಿತೆ, 359ನೇ ಸೆಕ್ಷನ್). ಅದರ ವಿಧಿವಿಧಾನವನ್ನು ವಕೀಲರೇ ಹೇಳಲಿ; ದುಡ್ಡಿಲ್ಲದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಸಹಾಯವಾಣಿ 15100. ವಿಚಾರಣೆಗೆ ಕಾಯ್ದೆ ಕೊಟ್ಟಿರುವ ಕಾಲ ನಾಲ್ಕು ತಿಂಗಳು, ಹೆಚ್ಚೆಂದರೆ ಇನ್ನೆರಡು. ಸಣ್ಣ ಅಪರಾಧದ ವಿಚಾರಣೆ ಅಷ್ಟರಲ್ಲೂ ಮುಗಿಯದಿದ್ದರೆ ಅದು ಅಲ್ಲಿಗೇ ಕೊನೆಗೊಳ್ಳುತ್ತದೆ. ನಿಮ್ಮ ಒಪ್ಪಂದದ ಕೊನೆಯ ತಾರೀಖು ಈ ನಾಲ್ಕು ತಿಂಗಳೊಳಗೆ ಇರುವಂತೆ ನೋಡಿಕೊಂಡರೆ ಮಂಡಳಿಗೆ ತೋರಿಸಲು ಕೈಯಲ್ಲಿ ಏನಾದರೂ ಇರುತ್ತದೆ.

ದೊಡ್ಡವರ ಕೋರ್ಟಿನಲ್ಲೂ ಜಾಗವಿಲ್ಲದಿಲ್ಲ. ರಾಜಿಯಾಗಬಲ್ಲ ಪ್ರಕರಣಗಳಿಗೆ ಲೋಕ ಅದಾಲತ್, ಮಧ್ಯಸ್ಥಿಕೆ ಕೇಂದ್ರ ಇವೆ. ಮೊದಲ ಸಲ ಸಿಕ್ಕಿಬಿದ್ದವರಿಗೆ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಿದೆ, ಅದರ 5ನೇ ಸೆಕ್ಷನ್ನಿನಲ್ಲಿ ನೊಂದವರಿಗೆ ಪರಿಹಾರ ಕೊಡಿಸುವ ಅಧಿಕಾರವೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯಲ್ಲಿ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲು ಕದ್ದು ಮೊದಲ ಬಾರಿಗೆ ಶಿಕ್ಷೆಗೊಳಗಾದವನು ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಸಮುದಾಯ ಸೇವೆಯ ಶಿಕ್ಷೆಯಿದೆ. ಆದರೆ ಕೆಲಸವನ್ನು ಮಕ್ಕಳ ಪ್ರಕರಣಗಳಿಂದಲೇ ಶುರು ಮಾಡಿ, ಅಲ್ಲಿ ಕಾನೂನು ಹೆಚ್ಚು ತೆರೆದಿದೆ.

ಮುಟ್ಟಲೇಬಾರದವು ಯಾವುವೆಂದು ನಿಮ್ಮ ತಂಡದ ಮೊದಲ ಸಭೆಯಲ್ಲೇ ಬರೆದಿಡಿ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೂ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟವರಿಗೆ ಶಿಕ್ಷೆಯಿದೆ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ವಿದ್ಯಾರ್ಥಿನಿಯ ಮೇಲೆ ಶಿಕ್ಷಕನ ಲೈಂಗಿಕ ಕಿರುಕುಳದ ಪ್ರಕರಣವನ್ನು ಮನೆಯವರ ರಾಜಿಯ ಆಧಾರದಲ್ಲಿ ರದ್ದು ಮಾಡಿದ್ದನ್ನು ತಳ್ಳಿಹಾಕಿದೆ. ಬಾಲ್ಯವಿವಾಹ, ಜಾತಿ ದೌರ್ಜನ್ಯ, ಶಿಕ್ಷಕರೇ ಮಗುವಿಗೆ ಹೊಡೆದ ಪ್ರಕರಣ, ಇವ್ಯಾವುದಕ್ಕೂ ಸುತ್ತು ಕೂರಿಸುವಂತಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ‘ಊರಿನ ಮರ್ಯಾದೆ’ ಎಂದು ಇಂಥವನ್ನು ಒಳಗೇ ಮುಗಿಸಲು ನಿಮ್ಮ ತಂಡದ ಹೆಸರನ್ನು ಬಳಸಿಕೊಳ್ಳಲು ಬರುವವರು ಖಂಡಿತ ಇರುತ್ತಾರೆ.

ತಂಡಕ್ಕೆ ಏಳರಿಂದ ಒಂಬತ್ತು ಜನ ಸಾಕು. ಈಗಿರುವ ಐದು ಜನರಿಗೆ ಒಬ್ಬ ಆಶಾ ಕಾರ್ಯಕರ್ತೆ, ಕಾನೂನು ಸೇವಾ ಪ್ರಾಧಿಕಾರದ ಒಬ್ಬ ಅರೆಕಾನೂನು ಸ್ವಯಂಸೇವಕರು, ಊರಿನ ದಲಿತ ಕೇರಿಯಿಂದ, ಮುಸ್ಲಿಂ ಮನೆಗಳಿಂದ ಒಬ್ಬೊಬ್ಬರು ಸೇರಲಿ. ಇವರಿಲ್ಲದಿದ್ದರೆ ಸುತ್ತು ಎಷ್ಟು ದುಂಡಗಿದ್ದರೂ ಒಂದು ಕಡೆಗೆ ವಾಲುತ್ತದೆ. ಅಣಕು ಸುತ್ತನ್ನು ಕನಿಷ್ಠ ಆರು ಸಲ ಮಾಡಿ ಪಳಗಿ. ನೀವೇ ಪೆಟ್ಟು ತಿಂದವರಾಗಿ ಕೂತು ನೋಡಿ. ಆಮೇಲೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಕಾನೂನು ಸೇವಾ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಯವರಿಗೂ ಒಂದೊಂದು ಮನವಿ ಕೊಡಿ: ನಾವು ಇಂಥವರು, ಇಂಥ ಪ್ರಕರಣಗಳಲ್ಲಿ ಮಾತ್ರ ನೆರವಾಗಬಲ್ಲೆವು, ಹಣ ತೆಗೆದುಕೊಳ್ಳುವುದಿಲ್ಲ. ನಡೆಯುತ್ತಿರುವ ಪ್ರಕರಣದ ಬಗ್ಗೆ ಮ್ಯಾಜಿಸ್ಟ್ರೇಟರನ್ನು ಖಾಸಗಿಯಾಗಿ ಕಾಣಲು ಹೋಗಬೇಡಿ.

ವಾಟ್ಸ್‌ಆ್ಯಪ್ ಗುಂಪಿಗೆ ಸುತ್ತಿನ ಫೋಟೊ ಹಾಕುವ ಆಸೆ ಯಾರಿಗಾದರೂ ಬಂದರೆ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ನೆನಪಿಸಿ. ಪ್ರಕರಣದಲ್ಲಿರುವ ಮಗುವಿನ ಗುರುತು, ಶಾಲೆಯ ಹೆಸರು ಬಹಿರಂಗಪಡಿಸಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ತಂಡದ ಒಳ್ಳೆಯ ಕೆಲಸದ ಪ್ರಚಾರವೆಂಬ ನೆಪ ಅಲ್ಲಿ ನಡೆಯುವುದಿಲ್ಲ.

ಇನ್ನೊಂದು ಮಾತು, ಇದನ್ನು ಜನ ಸುಲಭವಾಗಿ ಮರೆಯುತ್ತಾರೆ. ಜಗಳವಾದಾಗ ಮಾತ್ರ ಸುತ್ತು ಕೂರಿಸುವ ಶಾಲೆಯಲ್ಲಿ ಮಕ್ಕಳು ಸುತ್ತೆಂದರೆ ಹೊಸ ಬಗೆಯ ಶಿಕ್ಷೆ ಅಂದುಕೊಳ್ಳುತ್ತಾರೆ. ವಾರಕ್ಕೊಮ್ಮೆ 20 ನಿಮಿಷ, ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ, ಪ್ರತಿ ತರಗತಿಯೂ ಸುಮ್ಮನೆ ದುಂಡಗೆ ಕೂತು ‘ಈ ವಾರ ಯಾವುದು ಖುಷಿಯಾಯಿತು, ಯಾವುದು ಬೇಜಾರಾಯಿತು’ ಎಂದು ಮಾತಾಡಲಿ. ಅರವತ್ತು ಮಕ್ಕಳಿದ್ದರೆ ಎರಡು ಸುತ್ತು ಮಾಡಿ: ಒಳಗಿನವರು ಮಾತಾಡುತ್ತಾರೆ, ಹೊರಗಿನವರು ಕೇಳುತ್ತಾರೆ, ಮುಂದಿನ ವಾರ ಅದಲುಬದಲು. ಇದರಿಂದ ಅಂಕ ಏರುತ್ತದೆ ಎಂದು ಪೋಷಕರಿಗೆ ಆಸೆ ಹುಟ್ಟಿಸಬೇಡಿ. ಅಮೆರಿಕದ ಪಿಟ್ಸ್‌ಬರ್ಗಿನ 44 ಶಾಲೆಗಳಲ್ಲಿ ಎರಡು ವರ್ಷ ನಡೆದು 2018ರಲ್ಲಿ ಪ್ರಕಟವಾದ ರ್‍ಯಾಂಡ್ ಸಂಸ್ಥೆಯ ಅಧ್ಯಯನದಲ್ಲಿ ಅಮಾನತುಗಳು ಕಡಿಮೆಯಾದವು, ಶಾಲೆಯ ವಾತಾವರಣ ಸುಧಾರಿಸಿದೆ ಎಂದು ಶಿಕ್ಷಕರು ಹೇಳಿದರು. ಆದರೆ ಆರರಿಂದ ಎಂಟನೇ ತರಗತಿಯವರ ಕಲಿಕೆಯ ಫಲಿತಾಂಶ ಸುಧಾರಿಸಲಿಲ್ಲ, ಕೆಳಗೇ ಇಳಿಯಿತು. ಶಿಕ್ಷಕರ ಸಮಯವನ್ನು ಇದು ಬೇಡುತ್ತದೆ. ಆ ಸಮಯವನ್ನು ಪಾಠದ ಪೀರಿಯಡ್ಡಿನಿಂದ ಕೀಳದೆ, ತಂಡದ ಹೊರಗಿನ ಸದಸ್ಯರಿಂದ ತುಂಬಿಸಿಕೊಳ್ಳಿ ಎನ್ನುವುದು ಅದಕ್ಕೇ.

ಒಪ್ಪಂದವಾದ ಮೇಲೆ ಮೂರು ಭೇಟಿ: ಒಂದನೇ ವಾರ, ನಾಲ್ಕನೇ ವಾರ, ಹನ್ನೆರಡನೇ ವಾರ. ಕ್ಯಾಲೆಂಡರಿನಲ್ಲಿ ಇವತ್ತೇ ಗುರುತು ಹಾಕಿ, ಏಕೆಂದರೆ ಎರಡನೇ ಕಂತಿನ ಹಣದ ವಿಷಯಕ್ಕೆ ಒಪ್ಪಂದ ಮುರಿಯಬಹುದು. ಕಂತು ತಪ್ಪಿದರೆ ಗದರಿಸಲು ಹೋಗಬೇಡಿ, ಏನಾಯಿತೆಂದು ಕೇಳಿ ಹೊಸ ತಾರೀಖು ಹಾಕಿ ಎದುರಿನ ಮನೆಗೆ ಅವತ್ತೇ ತಿಳಿಸಿ. ಸೈಕಲ್ ಓಡುತ್ತಿದೆ, ಹಣ ಮುಟ್ಟಿದೆ, ಇಬ್ಬರೂ ಶಾಲೆಗೆ ಬರುತ್ತಿದ್ದಾರೆ ಎಂದು ಹನ್ನೆರಡನೇ ವಾರದಲ್ಲಿ ಖಚಿತವಾದರೆ, ಮಂಡಳಿಗೆ ಕೊನೆಯ ವರದಿ ಹೋದ ಮೇಲೆ ಶಾಲೆಯಲ್ಲಿರುವ ಒಪ್ಪಂದದ ಪ್ರತಿಯನ್ನು ಎರಡೂ ಮನೆಯವರ ಎದುರಿಗೇ ಹರಿದುಹಾಕಿ. ನಿಮ್ಮ ಪುಸ್ತಕದಲ್ಲಿ ತಿಂಗಳು, ಪ್ರಕರಣದ ಬಗೆ, ನೆರವೇರಿತೆ ಇಲ್ಲವೆ ಎಂಬಷ್ಟು ಮಾತ್ರ ಉಳಿಯಲಿ. ಹುಡುಗನ ಹೆಸರು ಹತ್ತನೇ ತರಗತಿಯ ಟಿ.ಸಿ.ಯಲ್ಲಿ ಬರುವಾಗ ಅದರ ಪಕ್ಕದಲ್ಲಿ ಈ ಕಲ್ಲಿನ ಸುದ್ದಿ ಇರಬಾರದು.